ಲ್ಯಾಪ್‌ಟಾಪ್ ತೆರೆದ ಮಾತ್ರಕ್ಕೆ ಕೆಲಸ ಆಗುವುದಿಲ್ಲ

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೆಳಗಿನ ಜಾವ ಕೂತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಒಂದು ಮಾತನ್ನು ಮುಖಕ್ಕೆ ಮುಖ ಕೊಟ್ಟು ಹೇಳಬೇಕಾಗಿದೆ: ನೀವು ಅಲ್ಲಿ ಕೆಲಸ ಮಾಡುತ್ತಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇದೆ, ಕಿವಿಯಲ್ಲಿ ಇಯರ್‌ಫೋನ್ ಇದೆ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿದೆ. ಕೆಲಸ ಮಾತ್ರ ನಡೆಯುತ್ತಿಲ್ಲ. ಎರಡು ಗಂಟೆ ಕಳೆದು ಗೇಟು ತೆರೆದಾಗಲೂ ನಿಮ್ಮ ಕಡತ ಮನೆ ಬಿಟ್ಟಾಗ ಎಲ್ಲಿತ್ತೋ ಅಲ್ಲೇ ಇರುತ್ತದೆ. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಏರ್‌ಪೋರ್ಟಲ್ಲಿ ಕೆಲಸ ಆಗಲ್ಲ ಬಿಡಿ ಸಾರ್."

ಆಗುತ್ತದೆ. ಆಗದ ಹಾಗೆ ಮಾಡಿಕೊಂಡವರು ನೀವು.

ಈ ಮಾತು ಶಿಡ್ಲಘಟ್ಟದ ಕಡೆಯ ನಮ್ಮ ಸಾದಲಿ ಹೋಬಳಿಯವರಿಗೆ ಬೆಂಗಳೂರಿನವರಿಗಿಂತ ಹೆಚ್ಚು ತಟ್ಟಬೇಕು, ಯಾಕೆಂದರೆ ಕಾಯುವ ಹೊತ್ತು ನಮಗೇ ಹೆಚ್ಚು. ಬೆಳಗ್ಗೆ ಆರರ ವಿಮಾನ ಹಿಡಿಯುವವನಿಗೆ ನಮ್ಮೂರಿಂದ ಆ ಸರಿಹೊತ್ತಿನಲ್ಲಿ ಬಸ್ಸಿಲ್ಲ. ಯಾರದಾದರೂ ಕಾರು ಸಿಕ್ಕರೆ ಅವರಿಗೆ ಅನುಕೂಲವಾದ ಸಮಯಕ್ಕೆ ಹೊರಡಬೇಕು. ಇಲ್ಲವಾದರೆ ಸಂಜೆಯ ಬಸ್ಸಿಗೇ ಶಿಡ್ಲಘಟ್ಟಕ್ಕೆ ಬಂದು, ಜಂಗಮಕೋಟೆ ಕ್ರಾಸ್, ವಿಜಯಪುರ, ದೇವನಹಳ್ಳಿ ಎಂದು ವಾಹನ ಬದಲಿಸುತ್ತ ನಡುರಾತ್ರಿಗೇ ಟರ್ಮಿನಲ್ ಸೇರಬೇಕು. ಅಲ್ಲಿಂದ ವಿಮಾನ ಏರುವವರೆಗಿನ ಮೂರು, ನಾಲ್ಕು, ಕೆಲವೊಮ್ಮೆ ಐದು ಗಂಟೆ ಪೂರ್ತಿ ನಿಮ್ಮದು. ಮನೆಯಲ್ಲಿ ಅಷ್ಟು ಉದ್ದದ ಹೊತ್ತು ನಿಮಗೆ ಯಾವತ್ತೂ ಸಿಕ್ಕುವುದಿಲ್ಲ. ಕರೆಯುವವರಿಲ್ಲ, ಬಾಗಿಲು ತಟ್ಟುವವರಿಲ್ಲ, ಅಂಗಡಿಗೆ ಹೋಗಿ ಬಾ ಎನ್ನುವವರಿಲ್ಲ. ಅಂಥ ಹೊತ್ತನ್ನು ಬೆರಳ ತುದಿಯಲ್ಲಿ ಮೇಲಕ್ಕೆ ಕೆಳಕ್ಕೆ ಉಜ್ಜುತ್ತ ಕಳೆಯುತ್ತೀರಿ.

2008ರ ಮೇ 24ರಂದು ಹಳೆಯ ಎಚ್‌ಎಎಲ್ ನಿಲ್ದಾಣದ ವಿಮಾನಗಳೆಲ್ಲ ದೇವನಹಳ್ಳಿಗೆ ಬಂದಾಗ ಬೆಂಗಳೂರಿನ ದಕ್ಷಿಣ ಭಾಗದವರು ಊರಾಚೆ ಹೋಗಬೇಕಾಯಿತೆಂದು ಬೇಸರಪಟ್ಟರು. ನಮ್ಮ ಜಿಲ್ಲೆಗೆ ಅದು ಬಾಗಿಲಿಗೇ ಬಂದಂತಾಯಿತು. ಹೊಲದಲ್ಲಿ ನಿಂತು ತಲೆಯೆತ್ತಿ ವಿಮಾನ ನೋಡುತ್ತಿದ್ದ ಮನೆಗಳಿಂದ ಹೈದರಾಬಾದು, ಪುಣೆ, ಗುರುಗ್ರಾಮಕ್ಕೆ ಕೆಲಸದ ಮೇಲೆ ಹಾರುವವರು ಹುಟ್ಟಿಕೊಂಡರು. ಅದರ ಬಗ್ಗೆ ನನಗೆ ಅಪಾರ ಹೆಮ್ಮೆ ಇದೆ. ಆ ಹೆಮ್ಮೆ ಇರುವುದರಿಂದಲೇ ಈ ಸೋಮಾರಿತನವನ್ನು ಕಂಡು ಸುಮ್ಮನಿರಲು ಆಗುತ್ತಿಲ್ಲ.

ಎರಡನೇ ಟರ್ಮಿನಲ್‌ನಲ್ಲಿ ಒಬ್ಬ ಯುವಕನನ್ನು ಪಕ್ಕದ ಕುರ್ಚಿಯಿಂದಲೇ ಗಮನಿಸಿದ್ದೇನೆ. ಆ ಬಿದಿರಿನ ಚಾವಣಿಯ ಕೆಳಗೆ ಕೂತು ಅವನು ಬಹಳ ಗಂಭೀರವಾಗಿಯೇ ಲ್ಯಾಪ್‌ಟಾಪ್ ತೆಗೆದ. ಬ್ಯಾಟರಿ ಕೆಂಪು ತೋರಿಸಿತು. ಎದ್ದು ಪ್ಲಗ್ ಹುಡುಕಿದ. ಸಿಕ್ಕ ಒಂದರಲ್ಲಿ ಬೇರೆಯವರ ಫೋನು ಚಾರ್ಜಾಗುತ್ತಿತ್ತು, ಇನ್ನೊಂದು ಸಡಿಲವಾಗಿತ್ತು. ಕೊನೆಗೆ ಒಂದು ಕಂಬದ ಬುಡದಲ್ಲಿ ಜಾಗ ಸಿಕ್ಕಿತು. ಉಚಿತ ವೈಫೈಗೆ ಮೊಬೈಲ್ ನಂಬರ್ ಕೊಟ್ಟ. ಒಟಿಪಿ ನೋಡಲು ಫೋನ್ ತೆಗೆದವನಿಗೆ ಯಾವುದೋ ಗುಂಪಿನಿಂದ ಬಂದ ವಿಡಿಯೋ ಕಂಡಿತು. ಅದು ಮುಗಿಯಿತು, ಅದರ ಕೆಳಗೆ ಇನ್ನೊಂದು ಶುರುವಾಯಿತು. ತಲೆ ಎತ್ತುವ ಹೊತ್ತಿಗೆ ಒಟಿಪಿಯ ಅವಧಿ ಮುಗಿದಿತ್ತು, ಲ್ಯಾಪ್‌ಟಾಪಿನ ಪರದೆ ಕಪ್ಪಾಗಿತ್ತು. ಮತ್ತೆ ಪಾಸ್‌ವರ್ಡ್, ಮತ್ತೆ ಒಟಿಪಿ, ಆಮೇಲೆ ಕಂಪನಿಯ ವಿಪಿಎನ್. ಬೇಕಾದ ಕಡತ ಸರ್ವರಿನಲ್ಲಿತ್ತು. ಅದು ಇಳಿಯುತ್ತಿರುವಾಗ ಇಮೇಲ್ ತೆರೆದು ನಾಲ್ಕೈದು ಜನಕ್ಕೆ "ನೋಟೆಡ್", "ಥ್ಯಾಂಕ್ಸ್" ಎಂದು ಬರೆದ. ಅಷ್ಟರಲ್ಲಿ ಫೋನ್ ಬಂತು. "ಅದರ ಮೇಲೇ ಕೂತಿದೀನಿ ಮೇಡಂ, ಏರ್‌ಪೋರ್ಟಲ್ಲಿದೀನಿ, ಲ್ಯಾಂಡ್ ಆದ ತಕ್ಷಣ ಕಳಿಸ್ತೀನಿ" ಎಂದ. ಬೋರ್ಡಿಂಗ್ ಶುರುವಾಯಿತು. ಕಡತದಲ್ಲಿ ಒಂದು ಸಾಲು ಸೇರಿರಲಿಲ್ಲ.

ಆ ಫೋನಿನ ಆಚೆ ಬದಿಯಲ್ಲಿದ್ದ ಹೆಣ್ಣುಮಗಳ ಬಗ್ಗೆ ಯೋಚಿಸಿ. ಇವನ ಕಡತ ಬಂದ ಮೇಲೆ ಅದಕ್ಕೆ ತನ್ನ ಭಾಗ ಸೇರಿಸಬೇಕು, ಲೆಕ್ಕ ತಾಳೆ ನೋಡಬೇಕು, ಮೇಲಿನವರಿಗೆ ಕಳಿಸಬೇಕು. ಬೆಳಗಿನ ಜಾವಕ್ಕೇ ಎದ್ದು ಕೂತಿದ್ದಾಳೆ. ಇವನು ವಿಮಾನದಲ್ಲಿ ನಿದ್ದೆ ಹೋಗುವಾಗಲೂ ಅವಳು ಕಾಯುತ್ತಿರುತ್ತಾಳೆ. ವಿಮಾನ ನಿಲ್ದಾಣದಲ್ಲಿ ನೀವು ಕಳೆಯುವ ಹೊತ್ತು ನಿಮ್ಮೊಬ್ಬರ ಸ್ವಂತ ಆಸ್ತಿ ಎಂಬ ಭ್ರಮೆಯನ್ನು ಮೊದಲು ಬಿಡಿ. ಒಬ್ಬರು ಉಡಾಫೆಯಿಂದ ಎರಡು ಗಂಟೆ ಕಳೆದರೆ ಇನ್ನೊಬ್ಬರ ರಾತ್ರಿಯ ಎರಡು ಗಂಟೆ ಹೋಗುತ್ತದೆ. ಆಕೆಯ ಮನೆಯಲ್ಲೂ ಮಗು ಇರಬಹುದು, ಹಾಸಿಗೆ ಹಿಡಿದ ಅತ್ತೆ ಇರಬಹುದು. ಇದು ಬರೀ ದಕ್ಷತೆಯ ವಿಷಯವಾಗಿದ್ದರೆ ನಾನು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಇದು ನಡತೆಯ ವಿಷಯ.

ಆ ಯುವಕನ ಕೆಲಸ ಕೆಟ್ಟದ್ದು ಟರ್ಮಿನಲ್‌ನಲ್ಲಿ ಅಲ್ಲ, ಹಿಂದಿನ ರಾತ್ರಿ ಮನೆಯಲ್ಲಿ. ಬ್ಯಾಟರಿ ತುಂಬಿಸಿರಲಿಲ್ಲ. ಕಡತ ಇಳಿಸಿಕೊಂಡಿರಲಿಲ್ಲ. ಏನು ಮಾಡಬೇಕೆಂದು ನಿರ್ಧರಿಸಿರಲೂ ಇಲ್ಲ. "ಅಲ್ಲಿ ಹೋಗಿ ನೋಡಿಕೊಂಡರಾಯಿತು" ಎಂದುಕೊಂಡೇ ಚೀಲ ಕಟ್ಟಿದ್ದ. ಹೋಗಿ ನೋಡಿಕೊಳ್ಳುವುದರಲ್ಲೇ ಹೊತ್ತೆಲ್ಲ ಹೋಯಿತು.

ಇಂಥವರು ಯಾರ ಮನೆಯಲ್ಲಿ ಬೆಳೆದವರು ಎಂದು ನೆನೆದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಸಾದಲಿಯ ಸುತ್ತ ಹುಳು ಮನೆ ಕಂಡರಿಯದ ಮಕ್ಕಳು ಕಡಿಮೆ. ರೇಷ್ಮೆ ಹುಳು ಪೊರೆ ಕಳಚಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿಕೊಂಡು, ಅಲ್ಲಾಡದೆ, ಒಂದೆಲೆ ಮುಟ್ಟದೆ, ಹೆಚ್ಚುಕಡಿಮೆ ಒಂದು ದಿನ ಹಾಗೇ ಇರುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ, ಹಾಸಿಗೆ ಕದಲಿಸುವಂತಿಲ್ಲ. ನೋಡುವವರಿಗೆ ಅದು ಬಿಡುವಿನ ದಿನ. ಆದರೆ ಆ ದಿನ ನಿಮ್ಮ ಅವ್ವ ಏನು ಮಾಡುತ್ತಿದ್ದಳು? ಸುಣ್ಣದ ಪುಡಿ ತೆಳುವಾಗಿ ಉದುರಿಸಿ ಹಾಸಿಗೆ ಒಣಗಿಸುತ್ತಿದ್ದಳು. ಕಿಟಕಿ ತೆರೆದು ಗಾಳಿಯಾಡಲು ಬಿಡುತ್ತಿದ್ದಳು. ಊಜಿ ನೊಣ ತಡೆಯುವ ಪರದೆಯಲ್ಲಿ ತೂತು ಬಿದ್ದಿದೆಯೇ ಎಂದು ನೋಡುತ್ತಿದ್ದಳು. ಅಪ್ಪ ತೋಟದಲ್ಲಿ ನಿಂತು ಸೊಪ್ಪು ಇನ್ನೆಷ್ಟು ದಿನಕ್ಕೆ ಸಾಲುತ್ತದೆ, ಸಾಲದಿದ್ದರೆ ಯಾರ ತೋಟದ ಸೊಪ್ಪು ಕೊಳ್ಳಬೇಕು ಎಂದು ಲೆಕ್ಕ ಹಾಕುತ್ತಿದ್ದ. ಯಾಕೆಂದರೆ ಹುಳು ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕಿಂತ ಹೆಚ್ಚನ್ನು ನಾಲ್ಕನೇ ಜ್ವರ ಎದ್ದ ಮೇಲೆಯೇ ತಿನ್ನುತ್ತದೆ. ಆಗ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಹುಳು ಗೂಡು ಕಟ್ಟುವ ಚಂದ್ರಂಕಿಗಳನ್ನು ತೊಳೆದು ಬಿಸಿಲಿಗಿಟ್ಟು ಸಜ್ಜು ಮಾಡುವುದೂ ಆ ಬಿಡುವಿನಲ್ಲೇ. ಹುಳು ಹಣ್ಣಾದ ದಿನ ಚಂದ್ರಂಕಿ ಹುಡುಕಲು ಹೊರಟ ಮನೆಗೆ ಒಳ್ಳೆಯ ಗೂಡು ಸಿಕ್ಕಿದ್ದನ್ನು ಯಾರೂ ಕಂಡಿಲ್ಲ. ಕಟ್ಟಿದ ಗೂಡಾದರೂ ಕಾಯುತ್ತದೆಯೇ? ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ತೂತು ಕೊರೆದು ಹೊರಬಂದರೆ ನೂಲು ಕಡಿದುಹೋಗುತ್ತದೆ. ಅದಕ್ಕೇ ಗೂಡು ಬಿಡಿಸಿದ ಕೂಡಲೇ ಶಿಡ್ಲಘಟ್ಟದ ಮಾರುಕಟ್ಟೆಯ ದಾರಿ ಹಿಡಿಯುತ್ತಾರೆ.

ಆ ಲೆಕ್ಕಾಚಾರದ ದುಡ್ಡಿನಲ್ಲಿ ಓದಿದವರು ನೀವು. ನಿಮ್ಮ ಎಂಜಿನಿಯರಿಂಗ್ ಕಾಲೇಜಿನ ಶುಲ್ಕದಲ್ಲಿ ಒಂದೊಂದು ಬೆಳೆಯ ಒಂದೊಂದು ಜ್ವರದ ರಾತ್ರಿ ಇದೆ. ನೀರಿಗಾಗಿ ಸಾವಿರ ಅಡಿ ಮೀರಿ ಕೊರೆದ ಕೊಳವೆಬಾವಿಯ ಸಾಲವೂ ಇದೆ. ಕಾಯುವ ಹೊತ್ತನ್ನು ಮುಂದಿನ ಹೊತ್ತಿಗೆ ಸಜ್ಜಾಗಲು ಬಳಸುವ ವಿದ್ಯೆಯನ್ನು ನೀವು ಯಾವ ತರಬೇತಿ ಶಿಬಿರದಲ್ಲೂ ಕಲಿಯಬೇಕಾಗಿರಲಿಲ್ಲ. ಮನೆಯಲ್ಲೇ ಇತ್ತು.

ಇನ್ನು ಕೆಲಸದ ಮಾತಿಗೆ ಬರುತ್ತೇನೆ. ಆರು ಗಂಟೆಯ ದೇಶೀಯ ವಿಮಾನಕ್ಕೆ ಮೂರೂವರೆಗೆ ತಲುಪಿದಿರಿ ಎಂದುಕೊಳ್ಳಿ. ಚೀಲ ಕೊಟ್ಟು, ಭದ್ರತಾ ತಪಾಸಣೆ ಮುಗಿಸುವಾಗ ನಾಲ್ಕೂಕಾಲು. ಗೇಟು ಸಾಮಾನ್ಯವಾಗಿ ಹೊರಡುವ ಸಮಯಕ್ಕೆ 25 ನಿಮಿಷ ಮೊದಲೇ ಮುಚ್ಚುತ್ತದೆ, ಆದ್ದರಿಂದ ಐದೂಕಾಲಿಗೆ ಎಲ್ಲ ಕಟ್ಟಿಡಬೇಕು. ಕೈಯಲ್ಲಿ ಉಳಿಯುವುದು ಒಂದು ಗಂಟೆ. ಆ ಒಂದು ಗಂಟೆಗೆ ಒಂದೇ ಒಂದು ಕೆಲಸ ಆರಿಸಿ, ಅದನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದಿಡಿ. ಹತ್ತು ಪುಟದ ಕರಡು ಓದಿ ತಿದ್ದುವುದು, ವರದಿಯ ಮೊದಲ ಎರಡು ಪುಟ ಬರೆಯುವುದು, ಬಹಳ ದಿನದಿಂದ ಮುಂದೂಡಿದ ಒಪ್ಪಂದವನ್ನು ಕೊನೆಯ ಷರತ್ತಿನವರೆಗೆ ಓದುವುದು, ಹೀಗೆ ಇಂಟರ್ನೆಟ್ ಇಲ್ಲದೆಯೂ ನಡೆಯುವ, ಇನ್ನೊಬ್ಬರ ಉತ್ತರಕ್ಕೆ ಕಾಯದ ಕೆಲಸವಾಗಿರಲಿ. ಇಮೇಲಿಗೆ ಉತ್ತರಿಸುವುದನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಕೈಗೆ ಕೆಲಸ ಕೊಟ್ಟು ತಲೆಗೆ ರಜೆ ಕೊಡುತ್ತದೆ.

ಕಡತ ನಿಮ್ಮ ಯಂತ್ರದೊಳಗೇ ಇರಬೇಕು. ಗೂಗಲ್ ಡಾಕ್ಸ್ ಬಳಸುವವರು ಇಂಟರ್ನೆಟ್ ಇರುವಾಗಲೇ ಆಫ್‌ಲೈನ್ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಬೇಕು, ಟರ್ಮಿನಲ್‌ಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. 2024–25ರಲ್ಲಿ ಈ ನಿಲ್ದಾಣದ ಮೂಲಕ 4 ಕೋಟಿಗೂ ಹೆಚ್ಚು ಜನ ಓಡಾಡಿದ್ದಾರೆ. ಅಷ್ಟು ಜನರ ನಡುವೆ ಪ್ಲಗ್ಗೂ ವೈಫೈಯೂ ನಿಮಗಾಗಿ ಕಾಯುತ್ತಿರುತ್ತವೆ ಎಂದು ನಂಬಿ ಹೊರಡುವುದು ಬೇಜವಾಬ್ದಾರಿ. ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ. ಪವರ್‌ಬ್ಯಾಂಕ್ ಬೇಕಿದ್ದರೆ ಲ್ಯಾಪ್‌ಟಾಪನ್ನು ಚಾರ್ಜ್ ಮಾಡುವ ಶಕ್ತಿ ಅದಕ್ಕಿದೆಯೇ ಎಂದು ಕೊಳ್ಳುವಾಗಲೇ ನೋಡಿ, ಫೋನಿಗೆಂದು ಮಾಡಿದ ಹೆಚ್ಚಿನವಕ್ಕೆ ಇರುವುದಿಲ್ಲ. 100 ವ್ಯಾಟ್-ಅವರ್‌ವರೆಗಿನದನ್ನು ವಿಮಾನಯಾನ ಸಂಸ್ಥೆಯ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದು. 20,000 ಎಂಎಎಚ್ ಎಂದು ಬರೆದಿರುವುದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಚೀಲದಲ್ಲಿ ಹಾಕುವಂತಿಲ್ಲ. ಇಷ್ಟನ್ನೂ ತಿಳಿಯದೆ ತಪಾಸಣೆಯ ಸಾಲಿನಲ್ಲಿ ಚೀಲ ಬಿಚ್ಚಿ ಹರವಿಕೊಂಡು ಹಿಂದಿನವರನ್ನೂ ನಿಲ್ಲಿಸುವವರನ್ನು ಪ್ರತಿ ಸಲವೂ ನೋಡುತ್ತೇನೆ.

ಎಲ್ಲಕ್ಕಿಂತ ಮುಖ್ಯವಾಗಿ ಫೋನು. ಹಲವು ನಿಲ್ದಾಣಗಳಲ್ಲಿ ಈಗ ಬೋರ್ಡಿಂಗ್ ಘೋಷಣೆ ಕಡಿಮೆ ಮಾಡಿದ್ದಾರೆ, ಗೇಟಿನ ಸಂಖ್ಯೆಯೂ ಕೊನೆಯ ಗಳಿಗೆಯಲ್ಲಿ ಬದಲಾಗಬಹುದು, ಆದ್ದರಿಂದ ಫೋನು ಕೈಯಲ್ಲೇ ಇರಬೇಕು ಎನ್ನುತ್ತೀರಿ. ಬೇಕಿಲ್ಲ. ಐದೂಕಾಲಿಗೆ ಅಲಾರಾಂ ಇಟ್ಟು ಫೋನನ್ನು ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ. ಗೇಟಿನ ಬಾಯಲ್ಲಿ ಕೂರದೆ, ನಾಲ್ಕು ಹೆಜ್ಜೆ ಆಚೆ, ವಿಮಾನವಿಲ್ಲದ ಪಕ್ಕದ ಗೇಟಿನ ಬಳಿ ಗೋಡೆಗೆ ಬೆನ್ನು ಕೊಟ್ಟು, ಮಾಹಿತಿ ಫಲಕ ಕಣ್ಣಿಗೆ ಬೀಳುವಂತೆ ಕೂತುಕೊಳ್ಳಿ.

ಗೋಡೆಗೆ ಬೆನ್ನು ಕೊಡಿ ಎಂದದ್ದಕ್ಕೆ ಇನ್ನೂ ಒಂದು ಕಾರಣವಿದೆ. ಕಾಯುವ ಸಭಾಂಗಣದಲ್ಲಿ ಕೂತು ಯಾವುದೋ ಆಸ್ಪತ್ರೆಯ ರೋಗಿಗಳ ಹೆಸರು, ವಯಸ್ಸು, ಕಾಯಿಲೆ ಇರುವ ಪಟ್ಟಿಯನ್ನು ಪರದೆಯ ತುಂಬ ತೆರೆದಿಟ್ಟುಕೊಂಡವರನ್ನು ಕಂಡಿದ್ದೇನೆ. ಹಿಂದೆ ನಿಂತ ಯಾರು ಬೇಕಾದರೂ ಓದಬಹುದಿತ್ತು. ಕಂಪನಿಯ ಬೆಲೆಪಟ್ಟಿಯನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳುವವರಂತೂ ಎಲ್ಲ ಸಾಲಿನಲ್ಲೂ ಸಿಗುತ್ತಾರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ನಮ್ಮ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಆದರೆ ಇಲ್ಲಿ ಕಾಯ್ದೆಗಿಂತ ಮೊದಲು ನೆನಪಾಗಬೇಕಾದದ್ದು ಆ ಪಟ್ಟಿಯಲ್ಲಿರುವ ಹೆಸರು. ಅದು ನಿಮ್ಮ ಚಿಕ್ಕಮ್ಮನ ಹೆಸರಾಗಿದ್ದರೆ ಹಾಗೆ ತೆರೆದಿಡುತ್ತಿದ್ದಿರಾ? ಇಂಥ ಕಡತವನ್ನು ಸಾರ್ವಜನಿಕ ಜಾಗದಲ್ಲಿ ತೆರೆಯಲೇಬಾರದು, ಆ ಗಂಟೆಗೆ ಬೇರೆ ಕೆಲಸ ಆರಿಸಿಕೊಳ್ಳಬೇಕು. ಉಚಿತ ವೈಫೈಯಲ್ಲಿ ಬ್ಯಾಂಕಿನ ವ್ಯವಹಾರವೂ ಬೇಡ, ಅಗತ್ಯ ಬಿದ್ದರೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಬಳಸಿ. ಲ್ಯಾಪ್‌ಟಾಪನ್ನು ಕುರ್ಚಿಯ ಮೇಲೆ ಬಿಟ್ಟು ಕಾಫಿ ತರಲು ಹೋಗುವವರ ಬಗ್ಗೆ ಏನು ಹೇಳುವುದು, ಅವರಿಗೆ ಕಳೆದುಕೊಂಡ ಮೇಲೇ ತಿಳಿಯುವುದು.

ಮಂಜಿನ ಮಾತೂ ಇಲ್ಲೇ ಬರಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ದೇವನಹಳ್ಳಿಯ ಬಯಲಿನಲ್ಲಿ ಬೆಳಗಿನ ಜಾವ ಮಂಜು ಕವಿಯುತ್ತದೆ, ವಿಮಾನ ತಡವಾಗುತ್ತದೆ. ನಂದಿ ಬೆಟ್ಟದ ಬುಡದ ಜಿಲ್ಲೆಯಲ್ಲಿ ಹುಟ್ಟಿದ ನಮಗೆ ಇದನ್ನು ಹವಾಮಾನ ಇಲಾಖೆ ಹೇಳಬೇಕಾಗಿಲ್ಲ. ಆದರೂ ಪ್ರತಿ ವರ್ಷ, ವಿಮಾನ ಒಂದೂವರೆ ಗಂಟೆ ತಡ ಎಂದು ಫಲಕದಲ್ಲಿ ಬಂದೊಡನೆ ಇಡೀ ಸಾಲು ಎದ್ದು ಸಿಬ್ಬಂದಿಯ ಮೇಲೆ ಹರಿಹಾಯುತ್ತದೆ. ಕೌಂಟರಿನ ಆ ಹುಡುಗಿ ಮಂಜು ಕರಗಿಸಬಲ್ಲಳೇ? ಕೂಗಾಡಿ ದಣಿದವರು ಬಂದು ಮತ್ತೆ ಫೋನಿಗೇ ಅಂಟುತ್ತಾರೆ. ಚಳಿಗಾಲದ ಬೆಳಗಿನ ವಿಮಾನ ಹಿಡಿಯುವವರ ಬಳಿ ಎರಡನೆಯ ಗಂಟೆಗೂ ಒಂದು ಕೆಲಸ ಸಿದ್ಧವಿರಬೇಕು.

ಇಷ್ಟು ಹೇಳಿದರೆ "ನಮಗೆ ವಿಶ್ರಾಂತಿ ಬೇಡವೇ?" ಎಂಬ ಪ್ರಶ್ನೆ ಬರುತ್ತದೆ. ನಮ್ಮ ಶಿಡ್ಲಘಟ್ಟದಲ್ಲೇ ಹುಟ್ಟಿದ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಹೇಳಿದಾಗ ದೇಶವೆಲ್ಲ ಎರಡು ಪಾಳಯವಾಯಿತು. ಗಂಟೆಗಳನ್ನು ಹೆಚ್ಚಿಸಿ ಎನ್ನುವವರ ಪರ ನಾನಿಲ್ಲ. ಆ ಚರ್ಚೆಯಲ್ಲಿ ಎರಡೂ ಕಡೆಯವರು ಗಂಟೆಗಳನ್ನು ಎಣಿಸಿದ್ದೇ ಎಣಿಸಿದ್ದು, ಒಂದು ಗಂಟೆಯ ಒಳಗೆ ಏನಾಗುತ್ತದೆ ಎಂದು ಕೇಳಿದವರು ವಿರಳ. ಟರ್ಮಿನಲ್‌ನಲ್ಲಿ ಒಂದು ಗಂಟೆ ನೆಟ್ಟಗೆ ಕೆಲಸ ಮಾಡಿದವನಿಗೆ ರಾತ್ರಿ ಹೋಟೆಲಿನ ಕೋಣೆಯಲ್ಲಿ ಒಂದು ಗಂಟೆ ಬಿಡುವಾಗುತ್ತದೆ, ಮನೆಗೆ ಫೋನ್ ಮಾಡಿ ಅವ್ವನ ಹತ್ತಿರ ಸಮಾಧಾನವಾಗಿ ಮಾತಾಡಬಹುದು. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದೀರಾ, ಕಣ್ಣು ಎಳೆಯುತ್ತಿದೆಯೇ? ಲ್ಯಾಪ್‌ಟಾಪ್ ತೆಗೆಯಲೇಬೇಡಿ. ಅಲಾರಾಂ ಇಟ್ಟು, ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ನಿದ್ದೆ ಮಾಡಿ. ಅದು ಮರ್ಯಾದೆಯ ನಿರ್ಧಾರ. ಲ್ಯಾಪ್‌ಟಾಪನ್ನೂ ತೆರೆದು ಫೋನನ್ನೂ ಹಿಡಿದು, ದುಡಿಮೆಯೂ ಇಲ್ಲದ ದಣಿವೂ ಆರದ ಆ ಸ್ಥಿತಿ ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ಸಿಟ್ಟಿನಲ್ಲಿ ಮೇಲಧಿಕಾರಿಗಳಿಗೂ ಪಾಲಿದೆ. ನೌಕರನನ್ನು ನಡುರಾತ್ರಿ ಮನೆಯಿಂದ ಎಬ್ಬಿಸಿ ಅಗ್ಗದ ವಿಮಾನಕ್ಕೆ ಟಿಕೆಟ್ ಮಾಡಿಸುತ್ತೀರಿ. ಆ ಪ್ರಯಾಣದ ಗಂಟೆಗಳನ್ನು ಕೆಲಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನು ಗೇಟಿನಲ್ಲಿರುವಾಗ "ಐದೇ ನಿಮಿಷ" ಎಂದು ಹೇಳಿ ಅರ್ಧ ಗಂಟೆಯ ಮೀಟಿಂಗಿಗೆ ಎಳೆಯುತ್ತೀರಿ. ಸದ್ದುಗದ್ದಲದಲ್ಲಿ ಅವನು "ಕೇಳಿಸ್ತಿದೆಯಾ, ಕೇಳಿಸ್ತಿದೆಯಾ" ಎಂದು ಕೂಗುತ್ತಾನೆ. ಅತ್ತ ಆ ಮೀಟಿಂಗಿನಲ್ಲೂ ಏನೂ ತೀರ್ಮಾನವಾಗುವುದಿಲ್ಲ, ಇತ್ತ ಅವನ ಕರಡೂ ಸಾಗುವುದಿಲ್ಲ. ಪ್ರಯಾಣದಲ್ಲಿರುವವರಿಗೆ ಕರೆ ಮಾಡುವುದನ್ನು ನಿಲ್ಲಿಸಿ. ಅವರಿಂದ ಏನು ಬೇಕು, ಯಾವಾಗ ಬೇಕು ಎಂದು ಹಿಂದಿನ ದಿನ ಸಂಜೆಯೊಳಗೆ ಬರೆದು ಕಳಿಸಿ. ಆ ಗಂಟೆಗಳಿಗೆ ಸಂಬಳದ ಲೆಕ್ಕದಲ್ಲಿ ಜಾಗ ಕೊಡಿ.

ನೀವು ಮಾತ್ರ ಮೇಲಧಿಕಾರಿ ಸುಧಾರಿಸಲಿ ಎಂದು ಕಾಯಬೇಡಿ. ಅಲಾರಾಂ ಹೊಡೆದಾಗ ಕಡತ ಉಳಿಸಿ, ಎಲ್ಲಿಗೆ ನಿಲ್ಲಿಸಿದಿರಿ, ಮುಂದಿನ ವಾಕ್ಯ ಏನು ಎಂದು ಕೆಳಗೆ ಒಂದು ಸಾಲು ಬರೆದಿಟ್ಟು ಮುಚ್ಚಿ. ವಿಮಾನ ಮೇಲೇರಿ ಟ್ರೇ ಬಿಚ್ಚಲು ಬಿಟ್ಟಾಗ ಅಲ್ಲಿಂದಲೇ ಮುಂದುವರಿಸಬಹುದು. ಹೈದರಾಬಾದಿನಲ್ಲಿ ಇಳಿದು ಚೀಲಕ್ಕಾಗಿ ಬೆಲ್ಟಿನ ಬಳಿ ನಿಂತಿರುವಾಗ, ಟ್ಯಾಕ್ಸಿ ಕರೆಯುವ ಮೊದಲು, ಮುಗಿದಷ್ಟನ್ನು ಕಳಿಸಿ. ಪೂರ್ತಿಯಾಗದಿದ್ದರೆ ಎಷ್ಟು ಬಾಕಿ, ಎಷ್ಟು ಹೊತ್ತಿಗೆ ಕೊಡುತ್ತೇನೆ ಎಂದು ಸುಳ್ಳಿಲ್ಲದೆ ಬರೆಯಿರಿ. ಕಾಯುತ್ತಿರುವ ಹೆಣ್ಣುಮಗಳು ಅಷ್ಟು ಹೊತ್ತು ಬೇರೆ ಕೆಲಸ ನೋಡಿಕೊಳ್ಳುತ್ತಾಳೆ.